ಆರು ದಿನ

ರಾತ್ರಿ ಹೊತ್ತು ತೋಟದಲ್ಲಿ ಕಾಯಿ ಬಿದ್ದರೆ ಬಿಳಿಗೆರೆ ಕಡೆ ಯಾರಿಗೂ ಎಚ್ಚರವಾಗುವುದಿಲ್ಲ. ಆ ಸದ್ದು ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿ ಬೆಳೆದವರು ನಾವು. ದೊಪ್ಪೆಂದರೆ ಮಗ್ಗುಲು ಬದಲಿಸುವುದು, ಬೆಳಿಗ್ಗೆ ಎದ್ದು ಮರದ ಬುಡದಲ್ಲಿ ಹುಡುಕಿಕೊಳ್ಳುವುದು, ಅಷ್ಟೇ. ನಮ್ಮ ಚಿಕ್ಕಪ್ಪ ಒಬ್ಬನೇ ಆ ಸದ್ದಿಗೆ ಹಾಸಿಗೆಯಿಂದ ನೆಲಕ್ಕೆ ಹಾರುತ್ತಿದ್ದ. ಹಾರಿ, ಮಂಡಿಯೂರಿ, ಎರಡೂ ಕೈಯಲ್ಲಿ ನೆಲ ಕೆರೆಯುತ್ತಿದ್ದ. ಮನೆಗೆ ಸಗಣಿ ಸಾರಿಸಿದ ನೆಲವಿದ್ದಾಗ ಉಗುರಲ್ಲಿ ಮಣ್ಣು ಮೆತ್ತಿರುತ್ತಿತ್ತು. ಆಮೇಲೆ ರೆಡ್ ಆಕ್ಸೈಡ್ ಹಾಕಿಸಿದರು, ಉಗುರೇ ಕಿತ್ತು ಬರತೊಡಗಿತು.

ಅವನು 1982ರಲ್ಲಿ ಫೌಜಿಗೆ ಸೇರಿ 2006ರಲ್ಲಿ ಹವಾಲ್ದಾರನಾಗಿ ಪೆನ್ಷನ್ ಮೇಲೆ ಬಂದವನು. ಊರಿಗೆಲ್ಲ ಮಿಲ್ಟ್ರಿಯಣ್ಣ. ಸರ್ವೀಸಿನಲ್ಲಿದ್ದಾಗ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ, ಮನೆ ತುಂಬ ನೆಂಟರು, ರಾತ್ರಿ ಏನಾದರೂ ಕೂಗಿಕೊಂಡರೆ ‘ರೈಲಿನ ಆಯಾಸ’ ಅಂತ ಬಿಡುತ್ತಿದ್ದೆವು. ಪೂರ್ತಿ ಬಂದು ನೆಲೆಸಿದ ಮೇಲೆ ಹಾಗೆ ಬಿಡಲಿಕ್ಕಾಗಲಿಲ್ಲ.

ಮೊದಲು ಕೈ ಹಾಕಿದವಳು ಅಜ್ಜಿ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದಳು. ಅದಾದ ಮೇಲೆ ದಸರೀಘಟ್ಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಚೌಡೇಶ್ವರಿ ಅಮ್ಮನವರು ಭಕ್ತರ ಪ್ರಶ್ನೆಗೆ ಬರೆದು ಉತ್ತರ ಕೊಡುತ್ತಾರೆ, ತಿಪಟೂರು ಸುತ್ತಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಗುಣವಾಗುತ್ತದೆ, ಕಾಲ ಬೇಕು ಎಂದು ಬಂತಂತೆ. ಈಗ ಯೋಚಿಸಿದರೆ, ಚಿಕ್ಕಪ್ಪನ ವಿಷಯದಲ್ಲಿ ಆ ಹತ್ತು ವರ್ಷ ಯಾರು ಏನೇನು ಹೇಳಿದರೋ ಅದರಲ್ಲೆಲ್ಲ ಸರಿಯಾಗಿದ್ದ ಮಾತು ಅದೊಂದೇ.

ಊರಿನವರ ಪ್ರಕಾರ ಅದು ಕ್ಯಾಂಟೀನ್ ರಮ್ಮಿನ ಕೆಲಸ. ಕುಡಿಯುತ್ತಿದ್ದದ್ದು ನಿಜ. ಆದರೆ ಕುಡಿದು ಕೂಗಾಡುತ್ತಿರಲಿಲ್ಲ, ಮಲಗುವುದಕ್ಕೆಂದೇ ಕುಡಿಯುತ್ತಿದ್ದ. ರಮ್ಮು ಅವನಿಗೆ ಮೊದಲರ್ಧ ರಾತ್ರಿಯನ್ನು ಕೊಡುತ್ತಿತ್ತು, ಎರಡನೆಯ ಅರ್ಧದಲ್ಲಿ ಬಡ್ಡಿ ಸಮೇತ ಕಿತ್ತುಕೊಳ್ಳುತ್ತಿತ್ತು. ಕನಸು ಹೆಚ್ಚಾಗಿ ಬೀಳುವ ನಿದ್ದೆಯನ್ನು ಮದ್ಯ ಸರಿರಾತ್ರಿಯವರೆಗೆ ಒತ್ತಿ ಹಿಡಿದು, ಅಮಲು ಇಳಿದ ಮೇಲೆ ಒಟ್ಟಿಗೆ ಬಿಡುತ್ತದೆ. ಇದನ್ನು ಡಾಕ್ಟರು ಆಮೇಲೆ ಹೇಳಿದರು. ಚಿಕ್ಕಮ್ಮನಿಗೆ ಮೊದಲೇ ಗೊತ್ತಿತ್ತು. ‘ಎರಡು ಗಂಟೆ ಹೊಡೀಲಿ, ಶುರುವಾಯ್ತದೆ’ ಅನ್ನುತ್ತಿದ್ದಳು.

ಹಗಲಿನ ಚಿಕ್ಕಪ್ಪನ ಬಗ್ಗೆ ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಜಗಲಿ ಮೇಲೆ ಕೂತರೆ ಹೊತ್ತು ನೆತ್ತಿಗೇರಿದರೂ ಏಳುತ್ತಿರಲಿಲ್ಲ. ಮುದ್ದೆ ತಣ್ಣಗಾಗಿ ತಟ್ಟೆಗೆ ಅಂಟಿಕೊಳ್ಳುತ್ತಿತ್ತು. ತೋಟಕ್ಕೆ ನೀರು ಬಿಡು ಅಂದರೆ ಮೋಟಾರು ಹಾಕುತ್ತಿದ್ದ, ಆರಿಸುವುದಕ್ಕೆ ಏಳುತ್ತಿರಲಿಲ್ಲ. ನಮ್ಮಪ್ಪ ‘ಪೆನ್ಷನ್ ಬರ್ತದಲ್ಲ, ಇನ್ಯಾಕೆ ಮೈ ಬಗ್ಗಿಸ್ತಾನೆ’ ಎಂದು ಗೊಣಗುತ್ತಿದ್ದ. ರಾತ್ರಿ ಕೂಗುವುದು ಒಂದು ಕಾಯಿಲೆ, ಹಗಲು ಕೂತೇ ಇರುವುದು ಸೋಮಾರಿತನ ಎಂದು ಮನೆಯವರೆಲ್ಲ ಬೇರೆ ಬೇರೆ ಖಾತೆಗೆ ಬರೆದುಕೊಂಡಿದ್ದೆವು. ಎರಡೂ ಒಂದೇ ಖಾತೆ ಎಂದು ತಿಳಿದಿದ್ದವಳು ಚಿಕ್ಕಮ್ಮ ಒಬ್ಬಳು. ಹಗಲು ನೋಡಿ ರಾತ್ರಿ ಹೇಳುತ್ತಿದ್ದಳು: ‘ಇವತ್ತು ತಟ್ಟೆ ಮುಂದೆ ಸುಮ್ನೆ ಕೂತವ್ರೆ. ಮಕ್ಳು ಒಳಗೆ ಮಲ್ಕೊಳ್ಳಿ.’ ರಾತ್ರಿ ನೋಡಿ ಹಗಲನ್ನೂ ಹೇಳುತ್ತಿದ್ದಳು. ಕೂಗಿಕೊಂಡ ರಾತ್ರಿಯ ಮಾರನೆಯ ದಿನ ಅವನಿಗೆ ಕೆಲಸ ಹೇಳಬೇಡಿ ಎಂದು ಆಳುಗಳಿಗೆ ಮುಂಚೆಯೇ ಹೇಳಿಬಿಡುತ್ತಿದ್ದಳು.

ಅವಳು ಗಮನಿಸಿದ ಇನ್ನೊಂದು ಸಂಗತಿ ಇದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗಿದೆಯೋ ಇಲ್ಲವೋ ನೋಡಲು ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಆಗಿದ್ದರೆ ಒಳಗಿನಿಂದ ಲೊಟ್ ಲೊಟ್ ಅನ್ನುತ್ತದೆ. ಮಕ್ಕಳಿಗೆ ಅದು ಆಟ. ಚಿಕ್ಕಪ್ಪ ಮಾತ್ರ ಆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಕಾಯಿ ಇಳಿಸುತ್ತಿದ್ದ, ಮೂಟೆ ಹೊರುತ್ತಿದ್ದ, ಹಾರೆಗೆ ಹಾಕಿ ಸುಲಿಯುತ್ತಿದ್ದ. ಅಲ್ಲಾಡಿಸುವ ಹೊತ್ತಿಗೆ ಬೀಡಿ ಹಚ್ಚಿಕೊಂಡು ಅತ್ತ ಹೋಗುತ್ತಿದ್ದ. ಅಂಥ ಬಲಿಷ್ಠ ಆಳಿಗೆ ಅದೆಂಥ ಬಿಗುಮಾನವೋ ಎಂದುಕೊಂಡಿದ್ದೆವು.

ಇನ್ನು ಆ ಫೆಬ್ರವರಿಯ ಮಾತು. 2016. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆಯ ಗದ್ದಲ, ಹೈವೇ ಮೇಲೆ ಮೈಕು ಕಟ್ಟಿದ ಆಟೋಗಳು. ಶಿವರಾತ್ರಿ ಇನ್ನೂ ಮುಂದಿತ್ತು, ಚಳಿ ಬಿಟ್ಟಿರಲಿಲ್ಲ. ಅಟ್ಟದ ಕಾಯಿ ಇಳಿಸಿ ಸುಲಿಸುತ್ತಾರೆಂದು ನಾನೂ ಬೆಂಗಳೂರಿನಿಂದ ಬಂದಿದ್ದೆ. ಹಗಲೆಲ್ಲ ಸುಲಿದದ್ದು, ಕತ್ತಲಾದ ಮೇಲೆ ತೋಟದ ಮನೆ ಮುಂದೆ ಮಟ್ಟೆ ಒಟ್ಟಿ ಬೆಂಕಿ ಹಾಕಿಕೊಂಡು ಕೂರುವುದು.

ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದರು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನವರು. ಮೂವರು ನಮ್ಮ ರಾಜ್ಯದವರು: ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್. ಮಾರನೆಯ ದಿನವೇ ಯಾರೂ ಉಳಿದಿಲ್ಲ ಎಂದು ಸುದ್ದಿ ಬಂತು, ಪ್ರಧಾನಿ ಸಂತಾಪ ಹೇಳಿದರು. ಚಿಕ್ಕಪ್ಪ ಟಿ.ವಿ. ಮುಂದೆ ನಿಂತೇ ನೋಡಿದ. ಸಿಯಾಚಿನ್‌ಗೆ ಅವನೂ ಹೋಗಿದ್ದವನು ಎಂದು ನಮಗೆ ಗೊತ್ತಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಅವನ ಪಲ್ಟನ್ನಿಗೆ ಅಲ್ಲಿಯ ಸರದಿ ಬಂದಿತ್ತು. ಬಿಳಿ ಕನ್ನಡಕ ಹಾಕಿಕೊಂಡ ಒಂದು ಫೋಟೋ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಿರಲಿಲ್ಲ. ‘ಭಾಳ ಚಳಿನಾ?’ ‘ಹೂಂ, ಭಾಳ.’ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆ ಐದು ದಿನ ಚಿಕ್ಕಪ್ಪ ಚೆನ್ನಾಗಿಯೇ ಇದ್ದ. ಬೇಸರವಿತ್ತು, ಆದರೆ ಊಟ ಮಾಡಿದ, ಕೆಲಸಕ್ಕೆ ಬಂದ. ಸೈನಿಕನೊಬ್ಬ ಇನ್ನೊಬ್ಬ ಸೈನಿಕನಿಗಾಗಿ ಪಡುವ ದುಃಖ ಅವನಿಗೆ ಹೊಸದಲ್ಲ.

9ನೇ ತಾರೀಖು ಬೆಳಿಗ್ಗೆ ದೇಶವೆಲ್ಲ ಎದ್ದು ಕೂತಿತು. ಡಾಟ್, ಮಿಶಾ ಎಂಬ ನಾಯಿಗಳನ್ನು ಬಿಟ್ಟುಕೊಂಡು, ಬಂಡೆಯಂಥ ಮಂಜು ಕೊರೆದು ಹುಡುಕುತ್ತಿದ್ದವರಿಗೆ ಹಿಂದಿನ ರಾತ್ರಿ 25 ಅಡಿ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕಿದ್ದರು. ಆರು ದಿನವಾದ ಮೇಲೆ! ಸುಲಿಯುತ್ತಿದ್ದ ಆಳುಗಳು ಹಾರೆ ಬಿಟ್ಟು ಟಿ.ವಿ. ಮುಂದೆ ಬಂದರು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನನಗೂ ಕಣ್ಣು ತುಂಬಿತ್ತು. ಖುಷಿಯಲ್ಲಿ ಚಿಕ್ಕಪ್ಪನ ಕಡೆ ತಿರುಗಿದರೆ ಅವನು ಅಲ್ಲಿರಲಿಲ್ಲ.

ಸಂಜೆವರೆಗೂ ಸಿಗಲಿಲ್ಲ. ಕೆರೆ ಏರಿ, ಬಸ್‌ಸ್ಟಾಪು, ಕೆ.ಬಿ. ಕ್ರಾಸ್‌ವರೆಗೂ ಬೈಕಿನಲ್ಲಿ ಹೋಗಿ ನೋಡಿಬಂದೆವು. ಕತ್ತಲಾಗುವ ಹೊತ್ತಿಗೆ ತಾನೇ ಬಂದು ಬೆಂಕಿ ಮುಂದೆ ಕೂತ. ಕುಡಿದಿರಲಿಲ್ಲ. ಅದಕ್ಕೆ ಇನ್ನೂ ಭಯವಾಯಿತು. ಆಳುಗಳಲ್ಲಿ ಒಬ್ಬ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ: ‘ನೋಡಣ್ಣ, ನಿಮ್ ಮಿಲ್ಟ್ರಿಯೋರ್ ಜೀವ ಎಂಥ ಗಟ್ಟಿ. ಆರ್ ದಿನ!’

‘ಆರ್ ದಿನ’ ಅಂದ ಚಿಕ್ಕಪ್ಪ. ಬೆಂಕಿ ಕೆದಕಿದ. ‘ನಾವು ಎರಡೇ ದಿನ ಅಗೆದಿದ್ದು ಕಣ್ಲಾ.’

ಅವತ್ತು ರಾತ್ರಿ ಅವನು ಹೇಳಿದ್ದನ್ನು ನಾನು ಕೇಳಿದ ಕ್ರಮದಲ್ಲಿ ಹೇಳಲಾರೆ. ಅವನೇ ಕ್ರಮವಾಗಿ ಹೇಳಲಿಲ್ಲ. ನಡುವೆ ಎದ್ದು ಹೋಗುತ್ತಿದ್ದ, ಬರುತ್ತಿದ್ದ, ಸಂಬಂಧವಿಲ್ಲದ್ದನ್ನು ತೆಗೆಯುತ್ತಿದ್ದ. ಅಲ್ಲಿ ಸೀಮೆಎಣ್ಣೆ ಸ್ಟೌವಿನ ಹೊಗೆಗೆ ಕಫವೆಲ್ಲ ಕಪ್ಪಾಗುವುದು. ಎತ್ತರದಲ್ಲಿ ಕಣ್ಣು ಮುಚ್ಚಿದರೆ ಉಸಿರು ನಿಂತ ಹಾಗಾಗಿ ಬೆಚ್ಚಿ ಏಳುವುದು. ಮೇಲೆ ಹತ್ತುವ ಮುಂಚೆ ಓ.ಪಿ. ಬಾಬಾ ಗುಡಿಯಲ್ಲಿ ನಿಂತು ವರದಿ ಒಪ್ಪಿಸುವುದು, ಇಳಿದ ಮೇಲೆ ಮತ್ತೆ ಒಪ್ಪಿಸುವುದು. ಬಾಬಾ ಒಂದು ಕಾಲಕ್ಕೆ ಅಲ್ಲೇ ಇದ್ದ ಓಂ ಪ್ರಕಾಶ್ ಎಂಬ ಸೈನಿಕನಂತೆ. ಅಪಾಯ ಬರುವ ಮುಂಚೆ ಕನಸಿನಲ್ಲಿ ಬಂದು ಎಚ್ಚರಿಸುತ್ತಾನೆಂದು ಸಿಯಾಚಿನ್ ಕಂಡವರೆಲ್ಲ ನಂಬುತ್ತಾರೆ. ‘ನನ್ ಕನಸಿಗೆ ಬಾಬಾ ಬರ್ಲಿಲ್ಲ’ ಅಂದ ಚಿಕ್ಕಪ್ಪ. ‘ಬಂದಿದ್ರೆ ಇವ್ನು ಬರ್ತಿರ್ಲಿಲ್ಲ.’

ಇವನು ಅಂದರೆ ಜೊತೆಗಾರ. ಉತ್ತರ ಕರ್ನಾಟಕದ ಹುಡುಗ. ಇಡೀ ಕಂಪನಿಯಲ್ಲಿ ಕನ್ನಡ ಮಾತಾಡಲು ಇವರಿಬ್ಬರೇ. ಮೇಲಿನ ಪೋಸ್ಟಿನ ಗುಡಾರದ ಮೇಲೆ ಮಂಜು ಜಾರಿದಾಗ ಅವನು ಒಳಗಿದ್ದ, ಚಿಕ್ಕಪ್ಪ ಕೆಳಗಿನ ಪೋಸ್ಟಿನಲ್ಲಿದ್ದ. ಹಗ್ಗ ಕಟ್ಟಿಕೊಂಡು ಹತ್ತಿ ಹೋಗಿ ಎರಡು ದಿನ ಅಗೆದರು. ಅಗೆದಲ್ಲೆಲ್ಲ ಮತ್ತೆ ಮಂಜು ಬಂದು ತುಂಬಿಕೊಳ್ಳುತ್ತಿತ್ತು. ಮೂರನೆಯ ದಿನ ಹವಾ ಕೆಟ್ಟಿತು, ಮೇಲಿನ ಗುಡ್ಡ ಇನ್ನೊಮ್ಮೆ ಜಾರುವ ಹಾಗೆ ಕಂಡಿತು, ಅಗೆಯುವವರೂ ಹೋಗಬಾರದೆಂದು ಇಳಿಸಿದರು. ಯಾರ ತಪ್ಪೂ ಅಲ್ಲ. ಅದನ್ನು ಚಿಕ್ಕಪ್ಪನೇ ಮೂರು ನಾಲ್ಕು ಸಲ ಹೇಳಿದ. ಅಲ್ಲಿ ಅಷ್ಟು ಹೊತ್ತು ಯಾರೂ ಬದುಕಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಇಪ್ಪತ್ತೈದು ವರ್ಷ ಆ ಗೊತ್ತನ್ನು ಹಿಡಿದುಕೊಂಡೇ ಹಗಲು ನಡೆಸಿದ್ದ.

ರಾತ್ರಿ ಮಾತ್ರ ಅದು ಒಪ್ಪುತ್ತಿರಲಿಲ್ಲ. ಕನಸಿನಲ್ಲಿ ಅವನು ಅಗೆಯುತ್ತಾನೆ, ಕೆಳಗಿನಿಂದ ಯಾರೋ ತಟ್ಟುವ ಸದ್ದು ಬರುತ್ತದೆ, ಮೇಲಿನಿಂದ ‘ಇಳೀರಿ’ ಎಂದು ಕೂಗುತ್ತಾರೆ, ಅವನು ಸಲಿಕೆ ಬಿಟ್ಟು ಇಳಿಯುತ್ತಾನೆ, ಹಿಂದೆ ತಟ್ಟುವುದು ನಿಲ್ಲುವುದಿಲ್ಲ. ನಿಜದಲ್ಲಿ ತಟ್ಟಿದ ಸದ್ದು ಯಾರೂ ಕೇಳಿರಲಿಲ್ಲ. ಅದನ್ನು ಕನಸೇ ಸೇರಿಸಿತ್ತು. ಅಟ್ಟದ ಕಾಯನ್ನು ಅವನು ಯಾಕೆ ಅಲ್ಲಾಡಿಸುತ್ತಿರಲಿಲ್ಲ ಎಂದು ನಮಗೆ ಹೊಳೆದದ್ದು ಆ ರಾತ್ರಿ.

‘ಸತ್ತಿದ್ದ, ಸತ್ತಿದ್ದ ಅಂದ್ಕೊಂಡೇ ಇದ್ದೆ’ ಅಂದ. ‘ಇವತ್ತು ಟಿವಿಯೋರು ಬಂದು ಆರ್ ದಿನ ಬದ್ಕಿರ್ಬೌದು ಅಂದ್ಬುಟ್ರು.’

ಬೆಂಕಿ ಸುತ್ತ ಕೂತವರು ಯಾರೂ ಮಾತಾಡಲಿಲ್ಲ. ಆರು ದಿನ ಅಂದಿದ್ದ ಆಳು ಎದ್ದು ಹೋಗಿ ನೀರು ತಂದುಕೊಟ್ಟ.

11ನೇ ತಾರೀಖು ಹನುಮಂತಪ್ಪ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾರನೆಯ ದಿನ ಬೆಟದೂರಿನಲ್ಲಿ ಸಂಸ್ಕಾರ. ಜನಸಾಗರ, ಊರೂರಲ್ಲಿ ಫ್ಲೆಕ್ಸು, ನಮ್ಮ ಹೈವೇ ಪಕ್ಕದಲ್ಲೂ ಒಂದು ಕಟ್ಟಿದ್ದರು. ಕಟ್ಟಬೇಕಾದದ್ದೇ. ನಮ್ಮ ನಾಡಿನಲ್ಲಿ ಇದು ಹಳೆಯ ಪದ್ಧತಿ. ಕೆರೆ ಏರಿ, ದೇವಸ್ಥಾನದ ಅಂಗಳ ಎಲ್ಲಿ ನೋಡಿದರೂ ವೀರಗಲ್ಲು ಸಿಗುತ್ತದೆ: ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಕಾದಾಡಿ ಮನೆಗೆ ಬಂದು ಇಪ್ಪತ್ತು ವರ್ಷ ರಾಗಿ ಹೊಲ ಉತ್ತವನಿಗೆ ಆ ಕಲ್ಲಿನಲ್ಲಿ ಪಟ್ಟಿಯಿಲ್ಲ. ಅವನ ನಿದ್ದೆ ಹೇಗಿತ್ತೆಂದು ಶಿಲ್ಪಿಯನ್ನು ಕೇಳಿ ಪ್ರಯೋಜನವೂ ಇಲ್ಲ. 1918ರ ಸೆಪ್ಟೆಂಬರ್ 23ರಂದು ಕುದುರೆ ಮೇಲೆ ಭರ್ಜಿ ಹಿಡಿದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ತಿರುಗಿ ಬಂದ ಸವಾರರ ರಾತ್ರಿಗಳ ಬಗ್ಗೆ ನಾನು ಎಲ್ಲೂ ಓದಿಲ್ಲ.

ಅದೇ ಯುದ್ಧದ ಇನ್ನೊಂದು ತುದಿಯಲ್ಲಿ ಒಬ್ಬರು ಬರೆದಿಟ್ಟರು, ಮತ್ತು ಆ ಮನುಷ್ಯ ನಮ್ಮ ನೆರೆಯವರೆಗೂ ಬಂದು ಹೋಗಿದ್ದವರು. ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ಇಂಗ್ಲಿಷ್ ವೈದ್ಯರು 1901–02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಓಡಾಡಿ 1906ರಲ್ಲಿ ಅವರ ಮೇಲೆ ದಪ್ಪ ಪುಸ್ತಕ ಬರೆದರು. ಯುದ್ಧ ಬಂದಾಗ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾಧಿಕಾರಿಗಳ ಕೆಟ್ಟ ಕನಸುಗಳಿಗೆ ದಾರಿ ಹುಡುಕುವ ಕೆಲಸ ಅವರ ಪಾಲಿಗೆ ಬಂತು. ಮರೆತುಬಿಡಿ, ಬೇರೆ ಏನಾದರೂ ಯೋಚಿಸಿ ಎಂದು ಆ ಕಾಲದ ವೈದ್ಯರು ಹೇಳುತ್ತಿದ್ದರು. ಹಗಲೆಲ್ಲ ಒತ್ತಿಟ್ಟದ್ದೇ ರಾತ್ರಿ ಎದ್ದು ಬರುತ್ತದೆ, ಅದಕ್ಕೆ ಹಗಲಿನಲ್ಲೇ ಜಾಗ ಕೊಡಿ ಎಂದು ರಿವರ್ಸ್ ಹೇಳಿದರು. ಇದಕ್ಕೆ ಕಾಯಿಲೆಯ ಪಟ್ಟಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸಿಕ್ಕಿದ್ದು ಮಾತ್ರ 1980ರಲ್ಲಿ, ವಿಯೆಟ್ನಾಂನಿಂದ ಬಂದ ಅಮೆರಿಕದ ಸೈನಿಕರು ಪಟ್ಟುಹಿಡಿದ ಮೇಲೆ. ಆಗ ಚಿಕ್ಕಪ್ಪ ಫೌಜಿಗೆ ಸೇರಲು ಇನ್ನೆರಡು ವರ್ಷವಿತ್ತು.

ಆದರೆ ಹಗಲು ಬಾಯಿ ಬಿಟ್ಟ ಕೂಡಲೇ ರಾತ್ರಿ ನೆಟ್ಟಗಾಗುವುದಿಲ್ಲ. ಬೆಂಕಿ ಮುಂದೆ ಹೇಳಿಕೊಂಡನಲ್ಲ, ಇನ್ನು ಹಗುರಾಗುತ್ತಾನೆ ಎಂದುಕೊಂಡಿದ್ದೆವು. ಉಲ್ಟಾ ಆಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಕನಸಿನ ಹೆದರಿಕೆಗೆ ರಾತ್ರಿ ಮಲಗುತ್ತಿರಲಿಲ್ಲ, ನಿದ್ದೆಗೆಟ್ಟ ಸುಸ್ತಿಗೆ ಹಗಲು ಏಳುತ್ತಿರಲಿಲ್ಲ, ಬೆಳಗಿನ ಜಾವ ಮೂರು ಗಂಟೆಯಿಂದ ಕಣ್ಣು ಬಿಟ್ಟುಕೊಂಡು ‘ಎರಡೇ ದಿನ’ ಎಂದು ಲೆಕ್ಕ ಹಾಕುತ್ತಿದ್ದ. ಚಿಕ್ಕಮ್ಮ ಯಾರಿಗೂ ಹೇಳದೆ ತೋಟಕ್ಕೆ ಹೊಡೆಯಲು ತಂದಿಟ್ಟಿದ್ದ ಔಷಧಿ ಡಬ್ಬಗಳನ್ನೆಲ್ಲ ಅವಳ ತಮ್ಮನ ಮನೆಗೆ ಸಾಗಿಸಿದಳು. ಅವಳು ಯಾವ ಪುಸ್ತಕವನ್ನೂ ಓದಿದವಳಲ್ಲ. ಮೇಲಿಂದ ಮೇಲೆ ಬೀಳುವ ಕೆಟ್ಟ ಕನಸು ಆತ್ಮಹತ್ಯೆಯ ಅಪಾಯವನ್ನು ಹೆಚ್ಚಿಸುತ್ತದೆಂದೂ, ಅದು ಖಿನ್ನತೆಯೊಂದರಿಂದಲೇ ಬರುವ ಅಪಾಯವಲ್ಲವೆಂದೂ ಹಲವು ಅಧ್ಯಯನಗಳು ಹೇಳುತ್ತವೆ ಎಂದು ನಾನು ಓದಿದ್ದು ಎಷ್ಟೋ ದಿನದ ಮೇಲೆ.

ಆಸ್ಪತ್ರೆ ಅಂದರೆ ಸಿಡಿಯುತ್ತಿದ್ದ. ‘ನಾನೇನ್ ಹುಚ್ನಾ?’ ಅದಕ್ಕೂ ಒಂದು ಹಿನ್ನೆಲೆ ಇದೆ. ಫೌಜಿನಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನು ‘ಶೇಪ್’ ಎಂಬ ಐದಕ್ಷರದ ಲೆಕ್ಕದಲ್ಲಿ ಅಳೆಯುತ್ತಾರೆ. ಕಿವಿ, ಕೈಕಾಲು, ದೇಹಬಲ, ಕಣ್ಣು ಇವೆಲ್ಲದಕ್ಕೂ ಮುಂಚೆ ಮೊದಲನೆಯ ಅಕ್ಷರವೇ ಮನಸ್ಸಿನದು. ಎಲ್ಲದರಲ್ಲೂ ಒಂದು ಸಿಕ್ಕಿದರೆ ಶೇಪ್ ಒನ್. ಅದು ಕೆಳಗಿಳಿದರೆ ಬಡ್ತಿಗೂ ಪೋಸ್ಟಿಂಗಿಗೂ ತೊಡಕು ಎಂಬ ಅಂಜಿಕೆ ಎಲ್ಲರಲ್ಲೂ. ಚಿಕ್ಕಪ್ಪ ಕೊನೆಯ ದಿನದವರೆಗೂ ಶೇಪ್ ಒನ್. ಹೇಳದೇ ಇದ್ದದ್ದರಿಂದ ಶೇಪ್ ಒನ್.

ದಾರಿ ಮಾಡಿದವಳು ಊರಿನ ಆಶಾ ಕಾರ್ಯಕರ್ತೆ. 2014ರಿಂದ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರುವಾಗಿದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ತಿಳಿಸಿದಳು. ಕರೆದುಕೊಂಡು ಹೋಗುವ ಉಪಾಯ ಚಿಕ್ಕಮ್ಮನದು. ‘ಏನ್ರೀ, ನಂಗೆ ರಾತ್ರಿ ಎಲ್ಲಾ ನಿದ್ದೆ ಇಲ್ಲ, ಎದೆ ಹೊಡ್ಕೊಳ್ತದೆ. ತಿಪಟೂರಲ್ಲಿ ತೋರ್ಸ್ಕೊಂಡ್ ಬರಣ ಬನ್ನಿ’ ಅಂದಳು. ಸುಳ್ಳೇನಲ್ಲ, ಅವಳೂ ಹತ್ತು ವರ್ಷದಿಂದ ನಿದ್ದೆಗೆಟ್ಟವಳೇ. ಹೆಂಡತಿಗೆ ಜೊತೆಯಾಗಿ ಹೋದವನನ್ನು ಡಾಕ್ಟರು ಕೇಳಿದರಂತೆ: ‘ಇವರಿಗೆ ನಿದ್ದೆ ಇಲ್ಲ ಅಂತಾರೆ, ನಿಮಗೆ?’ ಚಿಕ್ಕಪ್ಪ ಹೆಂಡತಿಯ ಮುಖ ನೋಡಿದ. ಅವಳು ಫ್ಯಾನು ನೋಡುತ್ತಿದ್ದಳು.

ಡಾಕ್ಟರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು. ನಮ್ಮಂಥವರ ಕನಸು ಕಂಡದ್ದು ಕೇಳಿದ್ದನ್ನೆಲ್ಲ ಕಲಸಿ ಹೊಸದೇನೋ ಮಾಡುತ್ತದೆ, ಹಳೆಯ ನೋವಿನ ಮೊನೆ ಹಾಗೇ ಸವೆಯುತ್ತದೆ. ಆಘಾತದ ಕನಸು ಸವೆಯುವುದಿಲ್ಲ, ಅದೇ ಜಾಗದಲ್ಲಿ ಶುರುವಾಗಿ ಅದೇ ಜಾಗದಲ್ಲಿ ಎಚ್ಚರ ಮಾಡಿಸುತ್ತದೆ. ಕನಸು ಬೀಳುವ ಹೊತ್ತಿನಲ್ಲಿ ಮೆದುಳಿನ ಗಾಬರಿಯ ರಾಸಾಯನಿಕ ಮಲಗಿರಬೇಕು. ಇಂಥವರಲ್ಲಿ ಅದು ಕಾವಲು ಬಿಡುವುದಿಲ್ಲ. ಖಿನ್ನತೆ ಸೇರಿಕೊಂಡರೆ ಇನ್ನೊಂದು ತೊಂದರೆ: ಸಾಮಾನ್ಯವಾಗಿ ಮಲಗಿ ತೊಂಬತ್ತು ನಿಮಿಷಕ್ಕೆ ಬರುವ ಕನಸಿನ ನಿದ್ದೆ ಅವಸರ ಮಾಡಿ ಮುಂಚೆಯೇ ಬರುತ್ತದೆ. ಖಿನ್ನತೆ ಕನಸಿಗೆ ಬೇಕಾದ ಅಪರಾಧದ ಭಾವವನ್ನು ಹಗಲೆಲ್ಲ ಬೆಳೆಸುತ್ತದೆ, ಕನಸು ಖಿನ್ನತೆಗೆ ಬೇಕಾದ ನಿದ್ದೆಗೇಡನ್ನು ಒದಗಿಸುತ್ತದೆ. ಯಾವುದು ಮೊದಲು ಎಂದು ಹುಡುಕುತ್ತ ಕೂರಬೇಡಿ, ಎರಡಕ್ಕೂ ಒಟ್ಟಿಗೆ ಕೈ ಹಾಕಬೇಕು ಅಂದರಂತೆ.

ಖಿನ್ನತೆಗೆ ಮಾತ್ರೆ ಕೊಟ್ಟರು. ರಮ್ಮು ಹಂತಹಂತವಾಗಿ ಬಿಡಿಸಿದರು. ರಾತ್ರಿಗೆಂದು ಪ್ರಜೋಸಿನ್ ಎಂಬ ಹಳೆಯ ಬಿ.ಪಿ. ಮಾತ್ರೆಯನ್ನೂ ಕೊಟ್ಟು ನೋಡಿದರು. ಆ ಮಾತ್ರೆಯದೇ ಒಂದು ಕಥೆ. ಅಮೆರಿಕದ ಸಿಯಾಟಲ್‌ನಲ್ಲಿ ಮರ್ರೆ ರಾಸ್ಕಿಂಡ್ ಎಂಬ ವೈದ್ಯರು ಮಾಜಿ ಸೈನಿಕರ ಕನಸಿಗೆ ಕೊಟ್ಟು ನೋಡಿ ಬೆರಗಾಗಿದ್ದರು, ಮೊದಮೊದಲ ಪರೀಕ್ಷೆಗಳೂ ಹೌದೆಂದವು. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು ಬರೀ ಸಕ್ಕರೆ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗಿಲ್ಲ. ಚಿಕ್ಕಪ್ಪನಿಗೆ ಎದ್ದು ನಿಂತಾಗ ತಲೆ ತಿರುಗಿದ್ದೇ ಲಾಭ.

ಹಿಡಿಸಿದ್ದು ಬೇರೆ. ಕನಸನ್ನು ಬರೆಯಿರಿ, ಆದರೆ ಎಲ್ಲಾದರೂ ಒಂದು ಕಡೆ ನಿಮಗೆ ಬೇಕಾದ ಹಾಗೆ ಬದಲಾಯಿಸಿ ಬರೆಯಿರಿ. ಬದಲಾದದ್ದನ್ನು ದಿನಾ ಹಗಲು ಹತ್ತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡಿ ಅಂದರು ಡಾಕ್ಟರು. ಬ್ಯಾರಿ ಕ್ರಾಕೋವ್ ಎಂಬವರು 2001ರಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಲ್ಲಿ ಇದರಿಂದ ಕೆಟ್ಟ ಕನಸು ಕಡಿಮೆಯಾದದ್ದನ್ನು ತೋರಿಸಿದ್ದರು. ಇದನ್ನು ಕೇಳಿ ನಮ್ಮಪ್ಪ ನಕ್ಕ. ಚಿಕ್ಕಪ್ಪ ನಗಲಿಲ್ಲ. ಹರೆಯದಲ್ಲಿ ಊರಿನ ಕುರುಕ್ಷೇತ್ರ ನಾಟಕದಲ್ಲಿ ಪಾತ್ರ ಹಾಕಿದ್ದವನು ಅವನು. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ತಾಲೀಮು ಮಾಡಿಸಿದ ಮೇಲೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದೇ ಮಾತು ಬಾಯಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ‘ಹಳೇದು ಇಪ್ಪತ್ತೈದು ವರ್ಷ ತಾಲೀಮಾಗೈತೆ. ಹೊಸದ್ಕೂ ಮಾಡ್ಬೇಕು’ ಅಂದ.

ಮೊದಲು ಬರೆದದ್ದು ಎಲ್ಲರೂ ಬದುಕಿ ಬಂದರು ಎಂದು. ಎರಡು ದಿನಕ್ಕೆ ಹರಿದು ಹಾಕಿದ, ತಾನೇ ನಂಬಲಾಗಲಿಲ್ಲವಂತೆ. ಆಮೇಲೆ ಬರೆದದ್ದನ್ನು ನಾನು ನೋಡಿದ್ದೇನೆ, ಮೊಮ್ಮಗಳ ಕಾಪಿಪುಸ್ತಕದ ಹಿಂಬದಿಯಲ್ಲಿ. ಅದರಲ್ಲಿ ಅಗೆಯುತ್ತಿರುವಾಗ ಮಂಜು ಮಂಜಾಗಿರುವುದಿಲ್ಲ, ನಮ್ಮ ಕಣದಲ್ಲಿ ಸುಲಿದು ಒಟ್ಟಿದ ಮಟ್ಟೆ ಗುಡ್ಡೆಯಾಗಿರುತ್ತದೆ. ಸಲಿಕೆ ಬೇಕಿಲ್ಲ, ಕೈಯಲ್ಲೇ ಎತ್ತಿ ಎಸೆಯಬಹುದು. ತಟ್ಟುವ ಸದ್ದು ಬಂದ ಕಡೆ ಮಟ್ಟೆ ಸರಿಸಿದರೆ ಜೊತೆಗಾರ ನಾರು ಕೊಡವಿಕೊಂಡು ಎದ್ದು, ‘ಎಷ್ಟ್ ಹೊತ್ ಮಾಡ್ತೀಪಾ’ ಎಂದು ತನ್ನ ಕಡೆಯ ಮಾತಿನಲ್ಲಿ ಬಯ್ಯುತ್ತಾನೆ. ಕನಸು ಅಲ್ಲಿಗೆ ಮುಗಿಯಬೇಕು.

ಹೀಗೆ ಬರೆದ ಕನಸೇ ರಾತ್ರಿ ಬಿತ್ತೆಂದು ತಿಳಿಯಬೇಡಿ. ಒಮ್ಮೆಯೂ ಬೀಳಲಿಲ್ಲ ಎನ್ನುತ್ತಾನೆ. ಹಳೆಯದು ಮಾತ್ರ ಅಲ್ಲಲ್ಲಿ ತುಂಡಾಗತೊಡಗಿತು. ಅಗೆಯುವುದು ಬರುತ್ತಿತ್ತು, ತಟ್ಟುವುದು ಬರುತ್ತಿರಲಿಲ್ಲ. ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅಮಾವಾಸ್ಯೆ ಹುಣ್ಣಿಮೆಗೆ. ಎಷ್ಟೋ ಮಂಗಳವಾರ ತಪ್ಪಿಸಿದ, ಒಮ್ಮೆ ಮಾತ್ರೆ ಬಿಟ್ಟು ಮತ್ತೆ ಗೋಡೆ ಕಡೆ ತಿರುಗಿ ಮಲಗಿದ, ಚಿಕ್ಕಮ್ಮ ಮತ್ತೆ ತನಗೆ ನಿದ್ದೆಯಿಲ್ಲ ಎಂದಳು. 2019ರ ಫೆಬ್ರವರಿಯಲ್ಲಿ ಪುಲ್ವಾಮ ದಾಳಿಯಾಗಿ ಮಂಡ್ಯ ಜಿಲ್ಲೆಯ ಗುಡಿಗೆರೆಯ ಗುರು ಅವರ ದೇಹ ಊರಿಗೆ ಬರುತ್ತಿದ್ದುದನ್ನು ವಾಹಿನಿಗಳು ಇಡೀ ದಿನ ತೋರಿಸಿದಾಗ, ಟಿ.ವಿ. ಆರಿಸಿದವನು ಅವನೇ. ಅವತ್ತು ರಾತ್ರಿ ಎದ್ದು ಕೂತಿದ್ದ, ನೆಲ ಕೆರೆಯಲಿಲ್ಲ. ಕಾಯಿ ಅಲ್ಲಾಡಿಸುವ ಕೆಲಸಕ್ಕೆ ಈಗಲೂ ಬರುವುದಿಲ್ಲ. ಬರಲೇಬೇಕೆಂದು ನಾವೂ ಒತ್ತಾಯ ಮಾಡುವುದಿಲ್ಲ.

ಈಚೆಗೆ ಅವನಿಗೆ ಒಂದು ಅಭ್ಯಾಸ. ಸುತ್ತಮುತ್ತಲ ಹಳ್ಳಿಯ ಹುಡುಗರು ಸೇನೆಯಿಂದಲೋ ಸಿಆರ್‌ಪಿಎಫ್‌ನಿಂದಲೋ ರಜೆಗೆ ಬಂದರೆ ಊರಿನವರು ಕೇಳುವುದು ಯಾವಾಗ ಬಂದೆ, ಯಾವಾಗ ಹೋಗ್ತೀಯ, ಬಾಟ್ಲಿ ತಂದ್ಯಾ. ಚಿಕ್ಕಪ್ಪ ಟೀ ಅಂಗಡಿಯಲ್ಲಿ ಪಕ್ಕ ಸರಿದು ಜಾಗ ಕೊಟ್ಟು ‘ನಿದ್ದೆ ಹೆಂಗ್ ಬತ್ತದೆ?’ ಎಂದು ಕೇಳುತ್ತಾನೆ. ಹೆಚ್ಚಿನವರು ನಗುತ್ತಾರೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ನಗಲಿಲ್ಲ, ಟೀ ಲೋಟ ಕೆಳಗಿಟ್ಟ. ಟೆಲಿ ಮಾನಸ್ ಎಂದು 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಾನು ಹೇಳಹೊರಟರೆ ಚಿಕ್ಕಪ್ಪ ಕೈ ಅಡ್ಡ ಮಾಡಿದ. ಫೋನು ಆಮೇಲೆ, ಮೊದಲು ಕಾಣಿಸಿಕೊಳ್ಳಲಿ ಅಂದ. ಮಂಗಳವಾರ ಬೆಳಿಗ್ಗೆ ಇಬ್ಬರೂ ಹೈವೇ ಪಕ್ಕ ನಿಂತು ತಿಪಟೂರು ಬಸ್ಸಿಗೆ ಕೈ ತೋರಿಸಿದರು. ಯಾರಾದರೂ ಕೇಳಿದರೆ ಎಪಿಎಂಸಿಗೆ ಕೊಬ್ಬರಿ ರೇಟು ವಿಚಾರಿಸೋಕೆ ಅನ್ನು ಎಂದು ಚಿಕ್ಕಪ್ಪ ಅವನಿಗೆ ಹೇಳಿಕೊಟ್ಟಿದ್ದ.